ಗಂಗೆ ಇಲ್ಲದ ರಾಮೇಶ್ವರ

ಬಂಗಾಳದಿಂದ ವೆಲ್ಲೂರಿನ ಕಡೆಗೆ ಹೋಗುವ ರೈಲಿನಲ್ಲಿ ಯಾರೂ ಯಾವೂರು ಎಂದು ಕೇಳುವುದಿಲ್ಲ, ಯಾವ ಕಾಯಿಲೆ ಎಂದು ಕೇಳುತ್ತಾರೆ. ಹಾರ್ಟಾ, ಕಿಡ್ನಿಯಾ ಎಂದು ಶುರುವಾದ ಮಾತು ಖರಗ್‌ಪುರ ದಾಟುವಷ್ಟರಲ್ಲಿ ಮಕ್ಕಳ ಮದುವೆಗೆ ಬಂದು ನಿಂತಿರುತ್ತದೆ. ಅರ್ಧ ಬೋಗಿ ಆಸ್ಪತ್ರೆಗೆ ಹೊರಟವರು, ಉಳಿದರ್ಧ ಅವರನ್ನು ಕರೆದುಕೊಂಡು ಹೊರಟವರು.

ಮೃಣ್ಮಯಿಗೆ ಇದು ಗೊತ್ತಿತ್ತು. ಅದಕ್ಕೇ ಎದುರು ಸೀಟಿನ ಹೆಂಗಸು, "ದಿದಿ, ನಿಮಗೇನು ತೊಂದ್ರೆ?" ಎಂದು ಬಾಯಿ ತೆರೆದ ಕೂಡಲೇ, "ನನಗೇನೂ ಇಲ್ಲಮ್ಮ, ರಾಮೇಶ್ವರಕ್ಕೆ ಹೊರಟಿದೀನಿ" ಎಂದುಬಿಟ್ಟಳು.

ತನ್ನೂರು ಕಟ್ವಾದಲ್ಲಿ ಮಗ ಪಲ್ಟುವಿಗೂ ಇದೇ ಸುಳ್ಳು ಹೇಳಿ ಬಂದಿದ್ದಳು. ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತ್ತು. ಊರಿನ ಡಾಕ್ಟರು ತಡಮಾಡದೆ ವೆಲ್ಲೂರಿಗೆ ಹೋಗಿ ಎಂದಿದ್ದರು. ಚಳಿ ಶುರುವಾದರೆ ಪಲ್ಟುವಿನ ಮದುವೆ. ವಿಷಯ ತಿಳಿದರೆ ಹುಡುಗ ಮದುವೆಯನ್ನೇ ಮುಂದಕ್ಕೆ ಹಾಕುವವನು. ಬಾಯಿ ಬಿಟ್ಟರೆ ಬಣ್ಣಗೇಡು ಎಂದುಕೊಂಡು ಒಬ್ಬಳೇ ಹೊರಟಿದ್ದಳು. ಹೊರಡುವಾಗ ಇದ್ದ ಧೈರ್ಯ ಈಗ ಇರಲಿಲ್ಲ. ಗಾಡಿ ವೆಲ್ಲೂರಿನವರು ಇಳಿಯುವ ಕಾಟ್ಪಾಡಿಯಲ್ಲಿ ನಿಂತು ಇನ್ನೂ ದಕ್ಷಿಣಕ್ಕೆ ಹೋಗುತ್ತದೆ. ಇಳಿಯದೇ ಕೂತುಬಿಟ್ಟರೆ? ನಿಜವಾಗಿಯೂ ರಾಮೇಶ್ವರಕ್ಕೇ ಹೋಗಿಬಿಟ್ಟರೆ? ಗಂಟಿನ ವಿಷಯ ಮದುವೆಯಾದ ಮೇಲೆ ನೋಡಿಕೊಂಡರಾಯಿತು. ಸುಳ್ಳೂ ನಿಜವಾಗುತ್ತದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎದುರಿನವಳ ಹೆಸರು ಬುಲು, ಶಾಂತಿಪುರದವಳು. ಗಂಡ ನಿತಾಯ್‌ಗೆ ಹಿಂದೆ ವೆಲ್ಲೂರಿನಲ್ಲೇ ಹೃದಯದ ಕವಾಟ ಬದಲಾಯಿಸಿದ್ದರು. ವರ್ಷಕ್ಕೊಮ್ಮೆ ತೋರಿಸಲು ಕರೆದೊಯ್ಯುತ್ತಾಳೆ. ಲಾಡ್ಜಿನಲ್ಲಿ ಕೈಯಡುಗೆಯೇ ಆಗಬೇಕೆಂದು ಸೀಟಿನಡಿ ಕುಕ್ಕರು, ಕುಸುಬಲಕ್ಕಿ, ಸಾಸಿವೆ ಎಣ್ಣೆ ಎಲ್ಲ ತುರುಕಿದ್ದಳು.

"ಗಸಗಸೆ ಪಲ್ಯ ಇಲ್ದಿದ್ರೆ ಇವ್ರಿಗೆ ಔಷಧೀನೂ ಹತ್ತಲ್ಲ ದಿದಿ."

"ಅದಕ್ಕೇ ಅರೆಯೋ ಕಲ್ಲನ್ನೂ ನನ್ನ ಕೈಲಿ ಹೊರ್ಸಿದಾಳೆ," ಎಂದಿತು ಮೇಲಿನ ಬರ್ತ್‌ನಿಂದ ನಿತಾಯ್‌ನ ದನಿ. "ಕವಾಟ ಹೊಸದಾದ್ರೇನು, ಬೆನ್ನು ಹಳೇದೇ ಅಲ್ವಾ?"

ಬುಲು ಪೇಪರು ಹಾಸಿ ಮಂಡಕ್ಕಿಗೆ ಸಾಸಿವೆ ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿ ಮೃಣ್ಮಯಿಯ ಮುಂದೆ ತಳ್ಳಿದಳು. ತಿನ್ನುತ್ತಿರುವಾಗ ತಣ್ಣಗೆ ಕೇಳಿದಳು: "ಗಂಗಾಜಲ ಎಲ್ಲಿಟ್ಟಿದೀರ ದಿದಿ? ಗಾಡಿ ಕುಲುಕಿದ್ರೆ ಚೆಲ್ಲೀತು."

ಮೃಣ್ಮಯಿಯ ಕೈ ಮಂಡಕ್ಕಿಯ ಮೇಲೇ ನಿಂತಿತು. ಗಂಗೆಯ ದಡದವಳು ರಾಮೇಶ್ವರನ ತಲೆಗೆ ಸುರಿಯಲು ಒಂದು ಗಿಂಡಿ ಗಂಗೆ ಒಯ್ಯದೆ ಹೊರಟರೆ ಅದು ವರನಿಲ್ಲದ ದಿಬ್ಬಣ. ಸುಳ್ಳು ಹೇಳಲು ಕಲಿಯದವಳು ಸುಳ್ಳು ಹೇಳಿದರೆ ಇಷ್ಟೇ.

"ಪೆಟ್ಟಿಗೇಲಿದೆ," ಎಂದಳು. ಬುಲು ತಲೆಯಾಡಿಸಿ ಇನ್ನಷ್ಟು ಮಂಡಕ್ಕಿ ಸುರಿದಳು.

ಮರುದಿನ ರೇಣಿಗುಂಟ ದಾಟಿದ ಮೇಲೆ ಬೋಗಿಯಲ್ಲಿ ಗಡಿಬಿಡಿ ಶುರುವಾಯಿತು. ಗಂಟುಮೂಟೆ ಬಾಗಿಲ ಕಡೆಗೆ ಸರಿದವು. ಮೃಣ್ಮಯಿ ಮಾತ್ರ ಕಾಲು ಮಡಚಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆಗ ಬುಲು ತನ್ನ ಚೀಲದಿಂದ ಒಂದು ಬಾಟಲಿ ತೆಗೆದು ಅವಳ ಕೈಗಿತ್ತಳು.

"ಶಾಂತಿಪುರದ ಗಂಗೆ. ಡಾಕ್ಟರ ಹತ್ರ ಹೋಗೋ ದಿನ ಇವ್ರ ತಲೆಗೆ ಹಾಕೋಕೆ ತಂದಿದ್ದು. ಗಟ್ಟಿಯಾಗಿ ಹಿಡ್ಕೊಳ್ಳಿ. ಈಗ ಹೇಳಿ, ರಾಮೇಶ್ವರಕ್ಕಾ ಹೊರಟಿದ್ದು?"

ಹುಟ್ಟಿದಾಗಿನಿಂದ ಕುಡಿದ ನೀರು. ಅದನ್ನು ಕೈಯಲ್ಲಿ ಹಿಡಿದು ಸುಳ್ಳಾಡಿದವರು ಅವಳ ವಂಶದಲ್ಲಿ ಇರಲಿಲ್ಲ. ಮೃಣ್ಮಯಿ ಬಾಯಿ ತೆರೆದಳು. ಮಾತಿಗಿಂತ ಮೊದಲು ಅಳು ಬಂತು.

"ಎದೇಲಿ ಗಂಟು, ಬುಲು. ಭಯ ಆಗ್ತಿದೆ. ಇಳಿಯೋಕೇ ಕಾಲು ಬರ್ತಿಲ್ಲ."

"ನಿನ್ನೆ ಗಂಗಾಜಲ ಅಂದಾಗ ಮಂಡಕ್ಕಿ ಮೇಲೆ ಕೈ ನಿಂತಿತಲ್ಲ, ಆಗ್ಲೇ ಅನುಮಾನ ಬಂತು."

"ಮತ್ಯಾಕೆ ಸುಮ್ನಿದ್ದೆ?"

"ಸುಳ್ಳು ಹೇಳೋರಿಗೂ ಹೊಟ್ಟೆ ತುಂಬಿರ್ಬೇಕಲ್ಲ, ತಿನ್ನಲಿ ಅಂತ ಬಿಟ್ಟೆ." ಬುಲು ಸೆರಗಿನಿಂದ ಅವಳ ಮುಖ ಒರೆಸಿದಳು. ಬಹುವಚನ ಯಾವಾಗ ಬಿಟ್ಟುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. "ಏಳು ದಿದಿ. ಮೊದಲ ಸಲ ಬಂದಾಗ ಇವರು ಏನ್ಮಾಡಿದ್ರು ಗೊತ್ತಾ? ಕಾಟ್ಪಾಡಿ ಬಂತು ಅನ್ನೋವಾಗ ಕಕ್ಕಸಿಗೆ ಹೋಗಿ ಚಿಲಕ ಹಾಕ್ಕೊಂಡು ಕೂತ್ರು!"

"ಅದನ್ನ ವರ್ಷವರ್ಷ ಡಂಗುರ ಹೊಡೀಬೇಕಾ?" ಎಂದು ನಿತಾಯ್ ಗೊಣಗುತ್ತ ಕೆಳಗಿಳಿದ. ಕೇಳದೆಯೇ ಮೃಣ್ಮಯಿಯ ಪೆಟ್ಟಿಗೆಗೆ ಕೈ ಹಾಕಿದ.

"ನಮ್ಮ ಪಕ್ಕದ ಕೋಣೆ ಕೇಳೋಣ. ಕುಕ್ಕರು ಮೂರು ಜನಕ್ಕೆ ಧಾರಾಳ," ಎಂದಳು ಬುಲು. "ಇವ್ರ ತಲೆಗೆ ಎರಡು ಹನಿ ಸಾಕು, ಮಿಕ್ಕಿದ್ದು ನಿನ್ನ ಹತ್ರಾನೇ ಇರ್ಲಿ. ನಿನಗೆ ವಾಸಿಯಾದ್ಮೇಲೆ ಮೂರೂ ಜನ ರಾಮೇಶ್ವರಕ್ಕೆ ಹೋಗಿ ಸುರಿಯೋಣ. ಆ ರಾಮೇಶ್ವರನೇನು ಓಡಿಹೋಗ್ತಾನಾ?"

ಕಾಟ್ಪಾಡಿಯ ಪ್ಲಾಟ್‌ಫಾರಮ್ಮಿಗೆ ಮೃಣ್ಮಯಿ ಇಳಿದಳು. ಹಿಂದೆ ಗಾಡಿ ಹೊರಡುತ್ತಿರುವಾಗಲೇ ಫೋನು ಬಡಿದುಕೊಂಡಿತು.

"ಮಾ, ಎಲ್ಲೀತನಕ ಬಂತು ನಿನ್ನ ರಾಮೇಶ್ವರ?" ಪಲ್ಟು ನಗುತ್ತಿದ್ದ.

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಾಟಲಿ. ಮೃಣ್ಮಯಿಯ ಕಣ್ಣು ಗಂಗೆಯ ಬಾಟಲಿಯ ಕಡೆ ಹೋದದ್ದನ್ನು ಕಂಡು ಬುಲು ಕೈ ಚಾಚಿ ಮೆಲ್ಲಗೆ ಅಂದಳು: "ಬೇಕಿದ್ರೆ ಕೊಡು ದಿದಿ, ನಾನು ಹಿಡ್ಕೊಂಡಿರ್ತೀನಿ."

ಮೃಣ್ಮಯಿ ಬೇಡವೆಂದು ತಲೆಯಾಡಿಸಿದಳು. ಬಾಟಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಪಲ್ಟು, ನಾನು ವೆಲ್ಲೂರಿಗೆ ಬಂದಿದೀನಿ ಕಣೋ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಕೇಳು. ಗಾಬರಿ ಆಗ್ಬೇಡ, ನಾನು ಒಬ್ಬಳೇ ಇಲ್ಲ."