ಒಂದು ಕೂದಲೆಳೆ ತಡ

ಯಾರು ಏನೇ ಕೇಳಲಿ, ಅವನ ಬಾಯಿಂದ ಮೊದಲು ಹೊರಡುತ್ತಿದ್ದುದು ‘ಇರಿ’ ಎಂಬ ಒಂದೇ ಮಾತು. ಎಂಜಿನ್ನು ಯಾವಾಗ ರಿಪೇರಿಯಾಗುತ್ತದೆ ಎಂದರೂ ‘ಇರಿ’, ಚಹಾ ತರಿಸಲೇ ಎಂದರೂ ‘ಇರಿ’. ಮದುವೆಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ ಹಾಗೆಯೇ ಅಂದನಂತೆ, ಹೆಣ್ಣಿನ ಕಡೆಯವರು ಕಾದು ಕಾದು ಎದ್ದು ಹೋದರಂತೆ. ನಿಜವೋ ಸುಳ್ಳೋ, ಅವನು ಒಂಟಿಯಾಗಿಯೇ ಉಳಿದ, ಬೀದಿಯವರಿಗೆಲ್ಲ ‘ಇರಿ ಮೇಸ್ತ್ರಿ’ಯಾದ. ಬಿರುಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ಎಡಭುಜವನ್ನು ಮುಂದೆ ಮಾಡಿ ಇಕ್ಕಟ್ಟಿನ ಬಾಗಿಲಲ್ಲಿ ನುಸುಳುವವನಂತೆ ಇಡುವ ಹೆಜ್ಜೆ, ಕೋಟಿನ ಜೇಬಿನ ತುಂಬ ಸಿಗರೇಟು ಸುತ್ತುವ ತೆಳ್ಳನೆಯ ಕಾಗದ. ಸಿಗರೇಟನ್ನು ಮಾತ್ರ ಜನ್ಮದಲ್ಲಿ ಸೇದಿದವನಲ್ಲ.

ಆ ಕಾಗದವೇ ಅವನ ಅಳತೆಗೋಲು. ಸಣ್ಣ ಎಂಜಿನ್ನುಗಳಲ್ಲಿ ಪಿಸ್ಟನ್ನು ಮೇಲೇರುವಾಗ ಯಾವ ಗಳಿಗೆಯಲ್ಲಿ ಕಿಡಿ ಹಾರಬೇಕೆಂಬುದನ್ನು ನಿರ್ಧರಿಸುವುದು ಪಾಯಿಂಟು ಎಂಬ ಪುಟ್ಟ ಲೋಹದ ಜೋಡಿ. ಆ ಜೋಡಿಯ ನಡುವೆ ಕಾಗದ ಸಿಕ್ಕಿಸಿ, ಎಂಜಿನ್ನಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ, ಕಾಗದ ಸಡಿಲಗೊಂಡು ಜಾರುವ ಕ್ಷಣಕ್ಕೆ ಚಕ್ರದ ಗೆರೆಯೂ ಕವಚದ ಗೆರೆಯೂ ಎದುರುಬದುರಾಗುವಂತೆ ಪಾಯಿಂಟು ಕೂತಿರುವ ಪ್ಲೇಟನ್ನು ಸರಿಸಿ ತಿರುಪು ಬಿಗಿದರೆ ಟೈಮಿಂಗ್ ಸರಿಹೋಯಿತು. ಎಲ್ಲ ಮೇಸ್ತ್ರಿಗಳೂ ಮಾಡುವುದು ಇಷ್ಟೇ. ಇವನು ಮಾತ್ರ ಗೆರೆಗಳು ಕೂಡಿದ ಮೇಲೆ ಒಮ್ಮೆ ಉಸಿರು ಬಿಗಿಹಿಡಿದು, ಕಿಡಿ ತುಸು ತಡವಾಗಲೆಂದು ಪ್ಲೇಟನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿಬಿಡುತ್ತಿದ್ದ. ಎಂಜಿನ್ನು ಸಾಧುವಾಗಿ ಶುರುವಾಗುತ್ತಿತ್ತು, ಭಾರ ಬಿದ್ದೊಡನೆ ಏದುಸಿರು ಬಿಡುತ್ತಿತ್ತು. ಗಿರಾಕಿಗಳು ಗೊಣಗುತ್ತ ಒಬ್ಬೊಬ್ಬರಾಗಿ ಎದುರಿನ ಅಂಗಡಿಯ ಹಾದಿ ಹಿಡಿದರೂ ಅವನು ಬದಲಾಗಲಿಲ್ಲ.

ಕಾರಣವಿದ್ದದ್ದು ಅವನ ಅಕ್ಕನ ಬಲ ಮಣಿಕಟ್ಟಿನಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ, ತಾನೇ ಟೈಮಿಂಗ್ ಕೂರಿಸಿದ ಮೊದಲ ಎಂಜಿನ್ನನ್ನು ಎಳೆದು ಶುರುಮಾಡುವ ಹಗ್ಗವನ್ನು ಅವನು ಹೆಮ್ಮೆಯಿಂದ ಅಕ್ಕನ ಕೈಗೆ ಕೊಟ್ಟಿದ್ದ. ಕಿಡಿ ಬೇಗ ಹಾರಿತು. ಪಿಸ್ಟನ್ನು ತುದಿ ಮುಟ್ಟುವ ಮುನ್ನವೇ ಹಿಂದಕ್ಕೆ ಒದೆಯಿತು. ಹಗ್ಗ ಕೈಯನ್ನೇ ಸೆಳೆದುಕೊಂಡಿತು. ಮುರಿದ ಮೂಳೆ ಕೂಡಿತು, ಕೊಂಚ ಸೊಟ್ಟಗೆ. ಆ ಕೈಯಲ್ಲೇ ಕತ್ತರಿ ಹಿಡಿದು ಅಕ್ಕ ಹೊಲಿಗೆ ಅಂಗಡಿ ನಡೆಸಿದಳು, ಮಕ್ಕಳನ್ನು ಬೆಳೆಸಿದಳು, ತಮ್ಮನಿಗೊಂದು ಕಂದು ಕೋಟು ಹೊಲಿದುಕೊಟ್ಟಳು. ಆ ದಿನದ ಮಾತನ್ನು ಇಬ್ಬರೂ ವರ್ಷಗಟ್ಟಲೆ ಎತ್ತಲಿಲ್ಲ.

ಶಾಲೆಯೊಂದರ ಸಮವಸ್ತ್ರ ಹೊಲಿಯುವ ದೊಡ್ಡ ಕೆಲಸ ಅಕ್ಕನಿಗೆ ಸಿಕ್ಕಿತು. ಕರೆಂಟು ಹೋದಾಗ ಹೊಲಿಗೆ ಯಂತ್ರಗಳನ್ನು ಓಡಿಸಬೇಕಾದ, ತಮ್ಮನೇ ಟೈಮಿಂಗ್ ಕೂರಿಸಿಕೊಟ್ಟಿದ್ದ ಜನರೇಟರು ಹೊಸ ಯಂತ್ರವೊಂದನ್ನು ಜೋಡಿಸಿದ್ದೇ ತಡ, ಕೆಮ್ಮತೊಡಗಿತು. ತಮ್ಮನನ್ನು ಕೇಳಿದರೆ, “ಇರಕ್ಕ.” ಕೆಲಸ ಕೈತಪ್ಪುವ ಹಾಗಾದಾಗ ಅವಳು ತಮ್ಮನ ಎದುರಿನ ಅಂಗಡಿಯ ಮೇಸ್ತ್ರಿಯನ್ನು ಕರೆಸಿದಳು. ಅವನು ಮುಚ್ಚಳ ಬಿಚ್ಚಿ ನೋಡಿ, “ಟೈಮಿಂಗ್ ಹಿಂದಿದೆ ಅಕ್ಕ. ನಿಮ್ಮ ತಮ್ಮ ಬೇಕಂತಲೇ ಹೀಗಿಟ್ಟಿದ್ದಾರೆ” ಎಂದ. ಅವಳಿಗೆ ಎಲ್ಲವೂ ಹೊಳೆಯಿತು. ಆ ಮೇಸ್ತ್ರಿಗೆ ಸರಿಪಡಿಸಲು ಬಿಡದೆ, ಜನರೇಟರನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ತಮ್ಮನ ಮುಂದೆ ನಿಲ್ಲಿಸಿದಳು.

“ಸರಿಯಾಗಿ ಇಡು.”

“ಇರಕ್ಕ...”

“ಇನ್ನೆಷ್ಟು ವರ್ಷ ಇರಲೋ? ಮುರಿದಿದ್ದು ನನ್ನ ಕೈ. ನಾನೇ ಮರೆತಿದ್ದೀನಿ. ನೀನು ಕಂಡಕಂಡ ಎಂಜಿನ್‌ಗೆಲ್ಲ ಶಿಕ್ಷೆ ಕೊಡ್ತಾ ಕೂತಿದ್ದೀಯಲ್ಲ!”

ಅವನು ಗೆರೆಗೆ ಗೆರೆ ಕೂಡಿಸಿ ತಿರುಪು ಬಿಗಿದ. ಹಗ್ಗ ಸುತ್ತಿ ತಾನೇ ಎಳೆಯಹೋದಾಗ ಅವಳು ಅವನನ್ನು ಬದಿಗೆ ಸರಿಸಿ, ಸೊಟ್ಟ ಕೈಯಿಂದಲೇ ಹಗ್ಗ ಹಿಡಿದಳು. ಅವನಿಗೆ ಭಯವಾಯಿತು, ಕಣ್ಣು ಮುಚ್ಚಿಕೊಂಡ. ಒಂದೇ ಎಳೆತಕ್ಕೆ ಎಂಜಿನ್ನು ಶುರುವಾಗಿ ಒಂದೇ ಸಮನೆ ಓಡತೊಡಗಿತು. ಕಣ್ಣು ತೆರೆದು ಮೊದಲು ನೋಡಿದ್ದು ಆ ಮಣಿಕಟ್ಟನ್ನೇ.

“ಏನು ಹಾಗೆ ನೋಡ್ತೀಯ, ಗಾಡಿ ತಳ್ಳು ಬಾ” ಎಂದಳು ಅಕ್ಕ.

ಆಮೇಲೆ ಅವನು ಪ್ಲೇಟನ್ನು ಹಿಂದಕ್ಕೆ ತಳ್ಳುವುದನ್ನು ಬಿಟ್ಟ. ಆದರೆ ಯಾರ ಎಂಜಿನ್ನೇ ಆಗಲಿ, ಮೊದಲ ಎಳೆತ ತನ್ನ ಕೈಯದೇ ಆಗಬೇಕೆಂಬ ಹಟ ಕೊನೆಯವರೆಗೂ ಉಳಿಯಿತು. ಇಂಥವರು ಎಲ್ಲ ಕಡೆಯೂ ಇರುತ್ತಾರೆ: ಒಮ್ಮೆ ಕೈ ತಪ್ಪಿದ್ದಕ್ಕೆ ಬದುಕಿಡೀ ಹಿಡಿದು ಹಿಡಿದು ನಡೆಯುವವರು, ಕ್ಷಮೆ ಕೇಳಲು ಬಾಯಿ ಬಾರದೆ ಆ ಭಾರವನ್ನೆಲ್ಲ ಕೈಕೆಲಸದ ಮೇಲೆ ಹೇರುವವರು. ನೋವುಂಡವರು ಎಂದೋ ಕ್ಷಮಿಸಿ ತಮ್ಮ ಪಾಡಿಗೆ ಬದುಕುತ್ತಿರುತ್ತಾರೆ. ಆ ಸುದ್ದಿ ಇವರನ್ನು ಮುಟ್ಟುವುದು ಮಾತ್ರ ಯಾವಾಗಲೂ ತಡವಾಗಿ.