ಹುಲಿಗೆವ್ವ ಮತ್ತೆ ಹಾಡಿದ್ದು

ನಾಟಕ ಕಂಪನಿ ಮುಚ್ಚಿದ ಮೇಲೆ ಹುಲಿಗೆವ್ವ ನಲವತ್ತು ವರ್ಷ ವಿದ್ಯಾನಗರದ ಹಾಸ್ಟೆಲೊಂದರಲ್ಲಿ ರೊಟ್ಟಿ ಬಡಿದಳು. ಒಂದು ಕಾಲದಲ್ಲಿ ಅವಳ ವಿರಹದ ಹಾಡು ಕೇಳಲೆಂದೇ ಜನ ಉಪ್ಪಿನಬೆಟಗೇರಿಯಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಕ್ಯಾಸೆಟ್ಟಿನಲ್ಲಿ ಆ ದನಿ ಕೇಳಿದ ಸಂಗೀತ ಶಿಕ್ಷಕಿ ಋತುಜಾ ಅವಳನ್ನು ಹುಡುಕಿಕೊಂಡು ಬಂದಳು. ಹೀಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹುಲಿಗೆವ್ವ ಧಾರವಾಡದಲ್ಲಿ ಮತ್ತೆ ವೇದಿಕೆ ಹತ್ತಿದಳು.

ಅದೇ ವಿರಹದ ಹಾಡಿನ ಮೊದಲ ಸಾಲಿಗೇ ದನಿ ಒಡೆಯಿತು.

“ಸಾಕು ಮಾಡೂಣೇನ್ರಿ, ಅವ್ವಾರ?” ಹಾರ್ಮೋನಿಯಂ ನುಡಿಸುತ್ತಿದ್ದ ಋತುಜಾ ಮೆಲ್ಲಗೆ ಕೇಳಿದಳು.

“ಯಾಕ ಸಾಕು? ಸ್ವರ ಕೆಳಗ ಇಳಸ್ರಿ. ಆವಾಗ ನಾ ಇಪ್ಪತ್ತು ವರ್ಷದಾಕಿ, ಅಗಲೂದಂದ್ರ ಏನಂತ ಗೊತ್ತಿರಲಿಲ್ಲ. ಈಗ ಗೊತ್ತೈತಿ.”

ತಗ್ಗಿದ ಸ್ವರದಲ್ಲಿ, ಅವಸರವಿಲ್ಲದೆ ಹಾಡಿದಳು. ಕಣ್ಣು ಮುಚ್ಚಿದರೆ ಕಂಪನಿಯ ತಗಡಿನ ಥಿಯೇಟರು, ಮುಖಕ್ಕೆ ಹಚ್ಚಿದ ಬಣ್ಣದ ವಾಸನೆ, ಪರದೆಯ ಮರೆಯಲ್ಲಿ ನಿಂತು ತಲೆದೂಗುತ್ತಿದ್ದ ಗಂಡ ಮಾಲತೇಶ. ಅವನು ತೀರಿಹೋಗಿ ಹದಿನೆಂಟು ವರ್ಷ. ಕೊನೆಯ ಸಾಲನ್ನು ಅವಳು ಅವನಿಗಾಗಿಯೇ ಎರಡು ಸಲ ಹೇಳಿದಳು.

ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ನಿಂತು, “ಒನ್ಸ್ ಮೋರ್!” ಎಂದು ಕೂಗಿದರು.

ಹುಲಿಗೆವ್ವ ನಕ್ಕಳು. “ತಡೀರಿ ಯಪ್ಪಾ, ಒಂದೀಟು ನೀರ ಕುಡೀತೇನಿ,” ಎಂದಳು.