ಕರಿಕಲ್ಲಿಗೆ ತಲೆ ಯಾವ ಕಡೆ?

ನಾನು ಒಂದು ಕರಿಕಲ್ಲು. ಉದ್ದ ಒಂದು ಗೇಣು, ದಪ್ಪ ನಿಮ್ಮ ಮಣಿಕಟ್ಟಿನಷ್ಟು. ವಯಸ್ಸು ಇನ್ನೂರು ಕೋಟಿ ವರ್ಷದ ಮೇಲೆ. ಹೆಚ್ಚುಕಮ್ಮಿ ಇದ್ರೆ ಜಗಳ ತೆಗೀಬೇಡಿ, ಆಗ ಬರ್ಕೊಳ್ಳೋಕೆ ಯಾರೂ ಇರಲಿಲ್ಲ.

ಹುಟ್ಟಿದ್ದು ಸಮುದ್ರದ ತಳದಲ್ಲಿ, ಮರಳು ಬೆರೆತ ಕೆಸರಾಗಿ. ಗಾಳಿ ಸುಳಿಯದ ಜಾಗ. ಮೇಲೆ ಸತ್ತ ಪಾಚಿಯೆಲ್ಲ ನನ್ನ ಮೈಮೇಲೆ ಬಿದ್ದು, ಪೂರ್ತಿ ಕೊಳೆಯೋಕೂ ಆಗದೆ, ನನ್ನನ್ನ ಕರ್ರಗೆ ಮಾಡ್ತು. ವಾಸನೆ ಕೊಳೆತ ಮೊಟ್ಟೇದು. ಅದು ಗಂಧಕದ ಕೆಲಸ. ಅಷ್ಟರಲ್ಲಿ ಕೆಳಗಿನ ಬಿರುಕಿಂದ ಬಿಸಿನೀರು ತಾಮ್ರ ಕರಗಿಸ್ಕೊಂಡು ಬಂತು. ತಾಮ್ರಕ್ಕೆ ಗಂಧಕ ಕಂಡ್ರೆ ಪ್ರಾಣ. ನನ್ನನ್ನ ಒಂದು ಮಾತು ಕೇಳದೆ ಇಬ್ಬರೂ ನನ್ನೊಳಗೇ ಸಂಸಾರ ಹೂಡಿದ್ರು. ಆ ಸಂಸಾರವೇ ನನ್ನ ಹಳದಿ ಗೆರೆ. ಬಿಸಿನೀರು ಬಂದ ಕೆಳಗಡೆ ಗೆರೆ ದಪ್ಪ, ಮೇಲೆ ಸಣ್ಣ. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ತಿಪ್ಪಯ್ಯ ನೆನಪಿಡಲಿಲ್ಲ.

ತಿಪ್ಪಯ್ಯ ಚಿತ್ರದುರ್ಗದ ಕಡೆಯ ಒಂದು ಗುಡ್ಡದಲ್ಲಿ, ಲೋಹ ಹುಡುಕೋ ಕ್ಯಾಂಪಲ್ಲಿ ಬೋರ್ ಕೊರೆಯೋನು. ಈ ಕೊನೇ ತೂತಲ್ಲೂ ಏನೂ ಸಿಗದಿದ್ರೆ ಕ್ಯಾಂಪ್ ಬಂದ್, ನಲವತ್ತು ಜನ ಮನೆಗೆ. ತೂತಿನ ತಳದಿಂದ ನನ್ನನ್ನ ಎತ್ತಿ, ಕೆಳಗು ಯಾವ ಕಡೆ ಅಂತ ಮೈಮೇಲೆ ಬಾಣ ಬರೆದು, ಮರದ ಪೆಟ್ಟಿಗೇಲಿ ಇಟ್ಟ. ಅಲ್ಲೀವರೆಗೆ ಸರಿ.

ಮಾರನೇ ದಿನ ಆಯುಧಪೂಜೆ. ಮೆಷಿನ್ ತೊಳೆದ, ಲಾರಿ ತೊಳೆದ, ಆದ್ರೂ ಕೈ ನಿಲ್ಲಲಿಲ್ಲ, ನನ್ನನ್ನೂ ತೊಳೆದ. ಹಳದಿ ಗೆರೆ ಕಂಡು, ಹಿತ್ತಾಳೆ ಚೊಂಬಿಗೆ ಹಚ್ಚೋ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಬಾಣ ಹೋಯ್ತು. ಗೆರೆ ದಪ್ಪಗಿದ್ದು ಚೆನ್ನಾಗಿ ಹೊಳೆಯೋ ತುದಿಗೆ ಕುಂಕುಮ ಇಟ್ಟು, ಅದೇ ತುದಿ ಪೆಟ್ಟಿಗೆಯ ಮೇಲ್ಗಡೆಗೆ ಬರೋ ಹಾಗೆ ಮಲಗಿಸಿದ.

ಹಬ್ಬದ ರಜೆ ಮುಗಿಸಿ ಬಂದ ಜಿಯಾಲಜಿಸ್ಟ್ ನಫೀಸಾ ಮೇಡಂ ನನ್ನನ್ನ ನೋಡಿ ಮುಖ ಸಣ್ಣ ಮಾಡಿದ್ರು.

"ಕೆಳಕ್ಕೆ ಹೋಗ್ತಾ ಗೆರೆ ಮುಗಿದೇ ಹೋಗ್ತಿದೆ. ಕೊರೆಯೋದು ನಿಲ್ಸಿ. ಸಾಮಾನು ಕಟ್ಟಿ."

ನಾನು ಕೂಗಿದೆ. ಕಲ್ಲು ಕೂಗಿದ್ರೆ ಎಷ್ಟು ಕೇಳ್ಸುತ್ತೋ ಅಷ್ಟೇ ಕೇಳ್ಸಿತು.

ಮನಸ್ಸು ತಡೀದೆ ಮೇಡಂ ನನ್ನ ಮೇಲೆ ಒಂದ್ಸಲ ನೀರು ಹೊಯ್ದು ಬಗ್ಗಿ ನೋಡಿದ್ರು. "ತಿಪ್ಪಯ್ಯಣ್ಣ, ಬಕೆಟ್ ನೀರಿಗೆ ಮರಳು ಸುರಿದ್ರೆ ಮೊದಲು ತಳ ಸೇರೋದು ಸಣ್ಣದಾ, ದಪ್ಪದಾ?"

"ದಪ್ಪದು. ಅದನ್ನೇನ್ ಕೇಳ್ತೀರ?"

"ಈ ಕಲ್ಲಲ್ಲಿ ದಪ್ಪ ಮರಳು ಮೇಲೆ ಕೂತಿದೆಯಲ್ಲ!"

ತಿಪ್ಪಯ್ಯ ತಲೆ ಕೆರ್ಕೊಂಡ. "ಕುಂಕುಮ ಇಟ್ಟ ಕಡೆ ತಲೆ ಅಲ್ವಾ ಮೇಡಂ? ಪೂಜೆ ಮಾಡಿದ್ದನ್ನ ತಲೆಕೆಳಗೆ ಮಲಗಿಸೋಕಾಗುತ್ತಾ?"

ಮೇಡಂ ನನ್ನನ್ನ ತಿರುಗಿಸಿ ಇಟ್ರು. ಇನ್ನೂ ಇಪ್ಪತ್ತು ಮೀಟರ್ ಕೊರೆಸಿದ್ರು. ಅಲ್ಲಿದ್ರು ನನ್ನ ಅಣ್ಣಂದಿರು, ಮೈತುಂಬ ಹಳದಿ ಪಟ್ಟೆ. ಕ್ಯಾಂಪ್ ಉಳೀತು. ಉಪಕಾರಕ್ಕೆ ಬಹುಮಾನ ಅಂತ ನನ್ನನ್ನ ಉದ್ದಕ್ಕೆ ಸೀಳಿ, ಅರ್ಧ ಪುಡಿ ಮಾಡಿ ಪರೀಕ್ಷೆಗೆ ಕಳ್ಸಿದ್ರು.

ಉಳಿದರ್ಧ ಈಗ ಆಫೀಸ್ ಮೇಜಿನ ಮೂಲೇಲಿದೆ. ಪ್ರತಿ ಶುಕ್ರವಾರ ತಿಪ್ಪಯ್ಯ ಬಂದು ಒರೆಸ್ತಾನೆ, ಹೊಳೆಯೋ ತುದಿಗೇ ಕುಂಕುಮ ಇಡ್ತಾನೆ, ಆ ತುದಿ ಮೇಲೆ ಮಾಡಿ ನಿಲ್ಲಿಸ್ತಾನೆ, ಕೈ ಮುಗೀತಾನೆ. ಸಮುದ್ರ ಬತ್ತಿತು, ಬೆಟ್ಟ ಎದ್ದಿತು, ಭೂಮಿ ನನ್ನನ್ನ ಹಿಂಡಿ ಹಿಪ್ಪೆ ಮಾಡ್ತು. ಅಷ್ಟೆಲ್ಲ ಆದ್ರೂ ನಾನು ತಲೆಕೆಳಗಾಗಿರಲಿಲ್ಲ ಸ್ವಾಮಿ.